ಮೆರವಣಿಗೆಗೆ ವಾಗ್ನರ್, ವಚನಕ್ಕೆ ಮೌನ

ಚರ್ಚಿನೊಳಗೆ ಒಮ್ಮೆಯೂ ಕಾಲಿಡದವರಿಗೂ ಆ ನಾಲ್ಕು ಸ್ವರ ಗೊತ್ತು. ಸಿನಿಮಾದಲ್ಲಿ ಬಿಳಿ ಗೌನು ತೊಟ್ಟ ನಾಯಕಿ ಅಪ್ಪನ ತೋಳು ಹಿಡಿದು ಬಾಗಿಲಲ್ಲಿ ನಿಂತರೆ ಸಾಕು, ಆರ್ಗನ್ ‘ಡಾಂ ಡಂಡಡಾಂ’ ಎಂದು ಶುರುವಾಗುತ್ತದೆ. ಕ್ರೈಸ್ತರ ಮದುವೆ ಎಂದರೆ ಇದೇ ರಾಗ ಎನ್ನುವಷ್ಟು ಅದು ಎಲ್ಲರ ಕಿವಿಯಲ್ಲಿ ಕೂತುಬಿಟ್ಟಿದೆ. ಮದುವೆಗೆ ತಿಂಗಳಿರುವಾಗ ಗಾನವೃಂದದ ಉಸ್ತುವಾರಿ ಹೊತ್ತ ಸಿಸ್ಟರನ್ನು ಕಾಣಲು ಬರುವ ಹುಡುಗಿಯ ತಾಯಿ ಬೇರೆ ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಇದೊಂದರಲ್ಲಿ ಪಟ್ಟು ಬಿಡುವುದಿಲ್ಲ. ‘ಉಳಿದಿದ್ದೆಲ್ಲ ನಿಮಗೇ ಬಿಟ್ಟಿದ್ದು ಸಿಸ್ಟರ್. ಮಗಳು ಒಳಗೆ ಬರೋವಾಗ ಮಾತ್ರ ಅದೇ ಇರ್ಲಿ. ಮೊದಲಿಂದ ಬಂದಿರೋ ಪದ್ಧತಿ ಅಲ್ವಾ?’

ಮೊದಲಿಂದ ಎಂದರೆ 1850ರಿಂದ. ಆ ವರ್ಷದ ಆಗಸ್ಟ್ 28ರಂದು ಜರ್ಮನಿಯ ವೈಮಾರ್ ಪಟ್ಟಣದಲ್ಲಿ ರಿಚರ್ಡ್ ವಾಗ್ನರನ ‘ಲೋಹೆನ್‌ಗ್ರಿನ್’ ಎಂಬ ಸಂಗೀತನಾಟಕ ಮೊದಲ ಸಲ ರಂಗಕ್ಕೆ ಬಂತು. ನಡೆಸಿಕೊಟ್ಟವನು ಫ್ರಾನ್ಸ್ ಲಿಸ್ಟ್. ವಾಗ್ನರ್ ಆಗ ದಂಗೆಯಲ್ಲಿ ಪಾಲ್ಗೊಂಡ ಆರೋಪ ಹೊತ್ತು ಸ್ವಿಟ್ಜರ್‌ಲೆಂಡಿನಲ್ಲಿ ತಲೆಮರೆಸಿಕೊಂಡಿದ್ದ. ತನ್ನ ನಾಟಕವನ್ನು ತಾನೇ ನೋಡುವ ಯೋಗ ಅವನಿಗೆ ಸಿಕ್ಕಿದ್ದು 1861ರಲ್ಲಿ. ನಮ್ಮ ಚರ್ಚುಗಳಲ್ಲಿ ಮೊಳಗುವ ರಾಗ ಈ ನಾಟಕದ ಮೂರನೇ ಅಂಕದ್ದು. ಅಲ್ಲಿ ಅದು ಮದುಮಗಳು ಚರ್ಚಿಗೆ ಬರುವಾಗ ಕೇಳುವುದಿಲ್ಲ. ಮದುವೆ ಮುಗಿದಿದೆ, ಸಖಿಯರೂ ಪರಿವಾರದವರೂ ಹಾಡುತ್ತಾ ವಧೂವರರನ್ನು ಶಯನಗೃಹಕ್ಕೆ ಬಿಟ್ಟುಬರುತ್ತಾರೆ. ನಮ್ಮ ಕಡೆಯ ಶೋಭನದ ಹಾಡಿದ್ದಂತೆ.

ಆ ಮದುವೆಯಾದರೂ ಬಾಳಿತೇ ಎಂದರೆ ಅದೂ ಇಲ್ಲ. ತನ್ನ ಹೆಸರು, ಕುಲ ಕೇಳಬಾರದು ಎಂಬ ಷರತ್ತಿನ ಮೇಲೆ ವೀರ ಎಲ್ಸಾಳನ್ನು ಕೈಹಿಡಿದಿರುತ್ತಾನೆ. ಹಾಡಿದವರು ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವಳು ಅದನ್ನೇ ಕೇಳುತ್ತಾಳೆ. ಅಷ್ಟರಲ್ಲಿ ಕತ್ತಿ ಹಿಡಿದ ವೈರಿ ಒಳನುಗ್ಗುತ್ತಾನೆ, ಅವನ ಹೆಣ ಅಲ್ಲೇ ಬೀಳುತ್ತದೆ. ಬೆಳಗಾದ ಮೇಲೆ ಗಂಡ ತನ್ನ ಹೆಸರು ಹೇಳಿ ಹೊರಟುಹೋಗುತ್ತಾನೆ, ಎಲ್ಸಾ ಕುಸಿದು ಪ್ರಾಣ ಬಿಡುತ್ತಾಳೆ. ಒಂದು ರಾತ್ರಿಯೂ ಪೂರ್ತಿ ನಿಲ್ಲದ ದಾಂಪತ್ಯದ ಹಾಡನ್ನು ಲೋಕದ ಅರ್ಧ ಭಾಗ ಮಂಗಳವಾದ್ಯವೆಂದು ನುಡಿಸುತ್ತಿದೆ. ಶಕುನ ನಂಬುವ ಮನೆಯವರಿಗೆ ಈ ಕತೆಯನ್ನು ಮೊದಲೇ ಹೇಳದಿರುವುದು ಒಳ್ಳೆಯದು ಎನ್ನುವವರಿದ್ದಾರೆ. ನನಗೆ ಹೇಳಿಬಿಡುವುದೇ ಸರಿ ಅನ್ನಿಸುತ್ತದೆ.

ಮದುವೆ ಮುಗಿದು ಜೋಡಿ ಹೊರಗೆ ಬರುವಾಗಿನ ಇನ್ನೊಂದು ಜನಪ್ರಿಯ ‘ವೆಡ್ಡಿಂಗ್ ಮಾರ್ಚ್’ ಫೆಲಿಕ್ಸ್ ಮೆಂಡೆಲ್ಸನ್ನನದು. ಅದೂ ರಂಗಸಂಗೀತವೇ. ಪ್ರಷ್ಯಾದ ದೊರೆಯ ಅಪೇಕ್ಷೆಯ ಮೇಲೆ ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕಕ್ಕೆಂದು 1842ರಲ್ಲಿ ರಚನೆಯಾಗಿ, ಮರುವರ್ಷ ಪಾಟ್ಸ್‌ಡಾಮಿನಲ್ಲಿ ಪ್ರದರ್ಶನ ಕಂಡಿತು. ನಾಲ್ಕನೇ ಅಂಕ ಮುಗಿದು ಐದನೆಯದು ಶುರುವಾಗುವ ನಡುವೆ ಬರುತ್ತದೆ. ಕಾಡಿನ ಯಕ್ಷಯಕ್ಷಿಯರು, ಕತ್ತೆಮುಖದ ನೇಕಾರ, ಕಣ್ಣಿಗೆ ಹೂವಿನ ರಸ ಬಿದ್ದು ಯಾರನ್ನೋ ಪ್ರೀತಿಸುವ ಪ್ರೇಮಿಗಳು, ಇಷ್ಟೆಲ್ಲ ಗೊಂದಲ ತೀರಿದ ಮೇಲೆ ಮೂರು ಜೋಡಿಗಳ ಮದುವೆ. ಇಲ್ಲಿ ದೇವರ ಮಾತು ಇಲ್ಲ, ನಿಜ. ಆದರೆ ಕೊನೆಗೆ ಎಲ್ಲರೂ ಸುಖವಾಗಿರುತ್ತಾರೆ.

ಇದನ್ನು ಚರ್ಚಿಗೆ ತಂದವರು ಇಂಗ್ಲಿಷರು. 1847ರಲ್ಲಿ ಡೆವನ್ ಪ್ರಾಂತ್ಯದ ಟಿವರ್ಟನ್ ಊರಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಸ್ಯಾಮ್ಯುಯೆಲ್ ರೇ ಎಂಬ ಆರ್ಗನ್ ವಾದಕ ಒಂದು ಮದುವೆಗೆ ಇದನ್ನು ನುಡಿಸಿದ. ಆದರೆ ಊರಿನ ಮದುವೆಯಿಂದ ಪದ್ಧತಿ ಹುಟ್ಟುವುದಿಲ್ಲ, ಅರಮನೆಯ ಮದುವೆಯಿಂದ ಹುಟ್ಟುತ್ತದೆ. 1858ರ ಜನವರಿ 25ರಂದು ವಿಕ್ಟೋರಿಯಾ ರಾಣಿಯ ಹಿರಿಯ ಮಗಳು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಚಾಪೆಲ್ಲಿನಲ್ಲಿ ಪ್ರಷ್ಯಾದ ರಾಜಕುಮಾರನ ಕೈಹಿಡಿದು ಹೊರಬರುವಾಗ ಮೆಂಡೆಲ್ಸನ್ ಮೊಳಗಿತು. ಹುಡುಗಿಗೆ ಆಗ ಹದಿನೇಳು ವರ್ಷ. ಆಮೇಲೆ ಶ್ರೀಮಂತರು, ಶ್ರೀಮಂತರನ್ನು ನೋಡಿ ಮಧ್ಯಮ ವರ್ಗದವರು, ಅವರ ಹಡಗುಗಳ ಜೊತೆ ಕಲ್ಕತ್ತ, ಮದರಾಸು, ಬೆಂಗಳೂರು ದಂಡುಪ್ರದೇಶದ ಚರ್ಚುಗಳು. ಹೀಗೆ ನಮ್ಮಲ್ಲಿಗೆ ಬಂದದ್ದು ಬೈಬಲಿನ ಹಿಂದೆ ಬಂದ ಸಂಗೀತವಲ್ಲ, ರಾಣಿಯ ಹಿಂದೆ ಬಂದದ್ದು.

ಎರಡನ್ನೂ ಒಂದೇ ಮದುವೆಯಲ್ಲಿ ನುಡಿಸುವುದರಲ್ಲಿ ಇನ್ನೊಂದು ವಿಪರ್ಯಾಸವಿದೆ. ‘ಲೋಹೆನ್‌ಗ್ರಿನ್’ ರಂಗಕ್ಕೆ ಬಂದ ಮರುತಿಂಗಳೇ ವಾಗ್ನರ್ ಸುಳ್ಳು ಹೆಸರಿನಲ್ಲಿ ಒಂದು ಲೇಖನ ಪ್ರಕಟಿಸಿದ. ಯಹೂದಿಗಳಿಂದ ನಿಜವಾದ ಸಂಗೀತ ಸಾಧ್ಯವಿಲ್ಲ ಎಂಬುದು ಅದರ ವಾದ. ಅದಕ್ಕೆ ಗುರಿಯಾದವರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ ಮೆಂಡೆಲ್ಸನ್ ಒಬ್ಬ. ಅವನು ತೀರಿಕೊಂಡು ಆಗ ಮೂರು ವರ್ಷ. ಯಹೂದಿಗಳ ಮದುವೆಗಳಲ್ಲಿ ವಾಗ್ನರನನ್ನು ದೂರವಿಡುವುದು ಇದಕ್ಕೇ. ನಾವು ಮಾತ್ರ ವಾಗ್ನರನಿಂದ ಒಳಗೆ ಕರೆತಂದು ಮೆಂಡೆಲ್ಸನ್ನನಿಂದ ಬೀಳ್ಕೊಡುತ್ತೇವೆ.

ಅಮೆರಿಕದ ಅನೇಕ ಕ್ಯಾಥೊಲಿಕ್ ಧರ್ಮಕ್ಷೇತ್ರಗಳು, ಕೆಲವು ಲುಥರನ್ ಸಭೆಗಳು ಇವೆರಡಕ್ಕೂ ಚರ್ಚಿನಲ್ಲಿ ಜಾಗ ಕೊಡುವುದಿಲ್ಲ. ನಮ್ಮ ಫಾದರ್‌ಗಳು ಅಷ್ಟು ಕಟ್ಟುನಿಟ್ಟಲ್ಲ. ನನ್ನ ಮಟ್ಟಿಗೆ ಮೆಂಡೆಲ್ಸನ್ ಇರಲಿ; ಪ್ರಾರ್ಥನೆಯೆಲ್ಲ ಮುಗಿದು ಜನ ನಗುತ್ತಾ ಎದ್ದು ನಿಂತಿರುವ ಹೊತ್ತಿಗೆ ಅವನ ಸಂಭ್ರಮ ಒಪ್ಪುತ್ತದೆ. ವಾಗ್ನರನನ್ನು ಕೈಬಿಟ್ಟರೆ ಯಾವ ಸಂಪ್ರದಾಯಕ್ಕೂ ನಷ್ಟವಿಲ್ಲ.

ಹಾಗಿದ್ದರೆ ಚರ್ಚಿನ ಸ್ವಂತ ಸಂಪ್ರದಾಯ ಯಾವುದು? ಕೇಳುವ ಸಂಗೀತಕ್ಕಿಂತ ಹಾಡುವ ಸಂಗೀತ ಎಂಬುದೇ ಉತ್ತರ. ಗಾನವೃಂದ, ಆರ್ಗನ್, ಕಹಳೆ ಎಲ್ಲ ಇರಬಹುದು. ಆದರೆ ನೆರೆದ ಮಂದಿ ಬಾಯಿ ತೆರೆದು ಹಾಡುವುದು ಅದರ ತಿರುಳು. ಕ್ಯಾಥೊಲಿಕರು ಈ ಮಾತನ್ನು ಒಪ್ಪಿಕೊಳ್ಳಲು ಬಹಳ ದಿನ ತೆಗೆದುಕೊಂಡರು. 1903ರ ನವೆಂಬರಿನಲ್ಲಿ ಪೋಪ್ ಹತ್ತನೇ ಪಯಸ್ ಹೊರಡಿಸಿದ ಆಜ್ಞೆಯಲ್ಲಿ ಚರ್ಚಿನೊಳಗೆ ಪಿಯಾನೊ ಬೇಡ, ಡ್ರಮ್ಮು ತಾಳಗಳು ಬೇಡ, ಬ್ಯಾಂಡು ಬೇಡ, ಒಪೆರಾ ಧಾಟಿ ಬೇಡ ಎಂದಿತ್ತು. ಗಾನವೃಂದದಲ್ಲಿ ಹೆಂಗಸರೂ ಬೇಡ ಎಂದಿತ್ತು. ಇಂದು ಕರ್ನಾಟಕದ ಯಾವ ಚರ್ಚಿನ ಗಾನವೃಂದದಿಂದಾದರೂ ಹೆಂಗಸರನ್ನು ತೆಗೆದು ನೋಡಿ, ಉಳಿಯುವುದು ಕೀಬೋರ್ಡಿನ ಹುಡುಗ ಮತ್ತು ಮೈಕಿನ ಸ್ಟ್ಯಾಂಡು.

ಗಾಳಿ ತಿರುಗಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ. ಆರಾಧನೆಯ ಕುರಿತ ಅದರ ಸಂವಿಧಾನಕ್ಕೆ 1963ರ ಡಿಸೆಂಬರ್ 4ರಂದು ಅಂಕಿತ ಬಿತ್ತು. ಗ್ರೆಗೋರಿಯನ್ ಗಾನಕ್ಕೆ ಮೊದಲ ಮಣೆ, ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಎಂದು ಹೇಳಿದ ಅದೇ ಕಡತ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಸ್ವಂತ ಸಂಗೀತ ಪರಂಪರೆಯಿರುವ ನಾಡುಗಳಲ್ಲಿ ಆ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕು ಎಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಸುಮ್ಮನೆ ಕೂತು ನೋಡುವವರಾಗದೆ ಪಾಲುಗೊಳ್ಳಬೇಕು ಎಂದಿತು. ಲೂಥರನ ಕಾಲದಿಂದಲೇ ಸಭೆಯೆಲ್ಲ ಹಾಡಿಕೊಂಡು ಬಂದಿದ್ದ ಪ್ರಾಟೆಸ್ಟಂಟರಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ.

ಮದುವೆಯ ಹಾಡು ಆರಿಸುವವರಿಗೆ ಮೊದಲು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ನಮ್ಮ ಹಿಂದೂ ಮದುವೆಗಳಲ್ಲಿ ತಾಳಿ ಕಟ್ಟುವ ಗಳಿಗೆಗೆ ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗು ಬೀಳುತ್ತದೆ. ಡೋಲು ನಾದಸ್ವರಗಳ ಅಬ್ಬರದಲ್ಲಿ ಬೇರೆ ಯಾವ ಸದ್ದೂ ಕೇಳಬಾರದು. ಚರ್ಚಿನಲ್ಲಿ ಇದರ ತದ್ವಿರುದ್ಧ. ಇಬ್ಬರೂ ಪರಸ್ಪರ ಕೈಹಿಡಿದು ವಚನ ಕೊಡುವ ಗಳಿಗೆಯಲ್ಲಿ ಸಂಗೀತ ಪೂರ್ತಿ ನಿಲ್ಲಬೇಕು. ಆ ಮಾತೇ ಮದುವೆ. ಅದು ಪಾದ್ರಿಯ ಕಿವಿಗೂ ಸಾಕ್ಷಿಗಳ ಕಿವಿಗೂ ಬೀಳಬೇಕು. ಈಚೆಗೆ ವಿಡಿಯೊದವರ ಆಸೆಗೆ ವಚನದ ಹಿಂದೆ ಕೀಬೋರ್ಡಿನಲ್ಲಿ ಮೆಲ್ಲನೆ ಏನನ್ನೋ ನುಡಿಸುವ ಚಾಳಿ ಕಾಣುತ್ತಿದೆ. ಇದಕ್ಕೆ ಒಪ್ಪಬೇಡಿ. ಮದುಮಗನ ದನಿ ನಡುಗಿದರೆ ಅದು ನಡುಗಿದಂತೆಯೇ ಕೇಳಲಿ.

ಸಂಗೀತಕ್ಕೆ ಉಳಿಯುವ ಜಾಗಗಳೆಂದರೆ ಪ್ರವೇಶ, ವಾಚನಗಳ ನಡುವಿನ ಕೀರ್ತನೆ, ವಚನ ಮತ್ತು ಉಂಗುರ ಆದ ಮೇಲಿನ ಸ್ತುತಿ, ಪೂಜೆಯಿದ್ದರೆ ಕಾಣಿಕೆ ಮತ್ತು ಪರಮಪ್ರಸಾದದ ಹೊತ್ತು, ರಿಜಿಸ್ಟರಿಗೆ ಸಹಿ ಹಾಕುವ ಹೊತ್ತು, ಕೊನೆಗೆ ನಿರ್ಗಮನ. ಸಹಿಯ ಹೊತ್ತನ್ನು ಎಲ್ಲರೂ ಮರೆಯುತ್ತಾರೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ದಾಖಲೆ ಆಗಲೇಬೇಕು; ಪೆನ್ನು ಹುಡುಕಿ, ಸಾಕ್ಷಿಗಳನ್ನು ಕರೆದು, ಫೋಟೊಗೆ ಇನ್ನೊಮ್ಮೆ ಸಹಿ ಹಾಕಿದಂತೆ ನಟಿಸಿ ಮುಗಿಯುವಷ್ಟರಲ್ಲಿ ಸಭೆ ಗುಜುಗುಜು ಎನ್ನತೊಡಗುತ್ತದೆ. ಒಂದೊಳ್ಳೆಯ ಒಂಟಿ ಹಾಡಿಗೆ, ಪಿಟೀಲಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗೆಳತಿ ಚೆನ್ನಾಗಿ ಹಾಡುತ್ತಾಳೆ, ಅವಳಿಗೊಂದು ಅವಕಾಶ ಕೊಡಬೇಕು ಎನ್ನುವವರು ಇಲ್ಲಿ ಕೊಡಲಿ.

ಪ್ರವೇಶಕ್ಕೆ ವಾಗ್ನರ್ ಬೇಡವೆಂದರೆ ಬೇರೇನು? ಅನುಭವವಿರುವ ಆರ್ಗನ್ ವಾದಕರು ಪಾಕೆಲ್ಬೆಲ್‌ನ ಕ್ಯಾನನ್ ಎನ್ನುತ್ತಾರೆ. ಯೋಹಾನ್ ಪಾಕೆಲ್ಬೆಲ್ (1653–1706) ನ್ಯೂರೆಂಬರ್ಗಿನ ಚರ್ಚಿನ ಆರ್ಗನ್ ವಾದಕ. ಮೂರು ಪಿಟೀಲು ಮತ್ತು ಮಂದ್ರದ ಆಧಾರಕ್ಕೆ ಬರೆದ ಈ ಕೃತಿ ಇನ್ನೂರು ವರ್ಷ ಧೂಳು ಹಿಡಿದು ಕೂತಿದ್ದು 1919ರಲ್ಲಿ ಅಚ್ಚಾಯಿತು. ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಪಾಯಾರ್ ತನ್ನ ತಂಡದೊಂದಿಗೆ 1968ರಲ್ಲಿ ಧ್ವನಿಮುದ್ರಿಸಿಕೊಂಡ ಮೇಲಷ್ಟೇ ಅದು ಮನೆಮಾತಾಯಿತು. ಅಂದರೆ ಮದುವೆಯ ‘ಪ್ರಾಚೀನ’ ಸಂಗೀತವಾಗಿ ಇದರ ವಯಸ್ಸು ಕೆಲವು ಅಜ್ಜಂದಿರಿಗಿಂತ ಕಡಿಮೆ. ಆದರೂ ಪ್ರವೇಶಕ್ಕೆ ಇದು ಹೇಳಿಮಾಡಿಸಿದ್ದು, ಕಾರಣ ಅದರ ಕಟ್ಟಡದಲ್ಲಿದೆ. ಮಂದ್ರದಲ್ಲಿ ಎಂಟೇ ಸ್ವರಗಳ ಒಂದು ಸಾಲು. ಅದೇ ಸಾಲು ಇಪ್ಪತ್ತೆಂಟು ಸಲ ಮರುಕಳಿಸುತ್ತದೆ, ಮೇಲೆ ಪಿಟೀಲುಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಒಂದು ಆವರ್ತಕ್ಕೆ ಹತ್ತು ಸೆಕೆಂಡಿಗಿಂತ ಕಡಿಮೆ ಸಾಕು. ಹುಡುಗಿ ಸರಸರ ನಡೆದು ಬಂದರೂ, ಹೂ ಚೆಲ್ಲುವ ಮಗು ನಡುದಾರಿಯಲ್ಲಿ ಕೂತು ಅಳತೊಡಗಿದರೂ, ವಾದಕ ಮುಂದಿನ ಆವರ್ತದ ತುದಿಯಲ್ಲಿ ನಿಲ್ಲಿಸಬಹುದು ಅಥವಾ ಇನ್ನೆರಡು ಸುತ್ತು ಎಳೆಯಬಹುದು. ಕೇಳುವವರಿಗೆ ತುಂಡಾಯಿತು ಅನ್ನಿಸುವುದಿಲ್ಲ.

ಗತ್ತು ಬೇಕೆನ್ನುವವರಿಗೆ ‘ಟ್ರಂಪೆಟ್ ವಾಲಂಟರಿ’ ಇದೆ. 1981ರ ಜುಲೈ 29ರಂದು ಮದುಮಗಳು ಡಯಾನಾ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನೊಳಗೆ ಆ ಉದ್ದ ಸೆರಗಿನ ಗೌನು ಎಳೆದುಕೊಂಡು ನಡೆದದ್ದು ಇದೇ ಸಂಗೀತಕ್ಕೆ. ಬಹಳ ಕಾಲ ಇದು ಹೆನ್ರಿ ಪರ್ಸೆಲ್‌ನದೆಂದೇ ನಂಬಿದ್ದರು. ನಿಜವಾದ ಕರ್ತೃ ಜೆರೆಮಿಯಾ ಕ್ಲಾರ್ಕ್, ಸುಮಾರು 1700ರಲ್ಲಿ ಡೆನ್ಮಾರ್ಕಿನ ರಾಜಕುಮಾರನ ಗೌರವಕ್ಕೆ ಬರೆದ ನಡಿಗೆ. ಕ್ಲಾರ್ಕ್ ಅದೇ ಸೇಂಟ್ ಪಾಲ್ಸಿನಲ್ಲಿ ಆರ್ಗನ್ ವಾದಕನಾಗಿದ್ದವನು. 1707ರಲ್ಲಿ ಗುಂಡು ಹಾರಿಸಿಕೊಂಡು ಸತ್ತ, ಕೈಗೂಡದ ಪ್ರೇಮವೇ ಕಾರಣ ಎಂಬ ಮಾತಿದೆ. ಮದುವೆ ಸಂಗೀತದ ಹಿಂದೆ ಹೋದರೆ ಇಂಥ ಕತೆಗಳು ತಪ್ಪುವುದಿಲ್ಲ ನೋಡಿ. ಪಲ್ಲವಿ ಮತ್ತೆ ಮತ್ತೆ ಬರುವ ರಚನೆಯಾದ್ದರಿಂದ ಇದನ್ನೂ ಬೇಕಾದಲ್ಲಿ ಮುಗಿಸಬಹುದು. ಆದರೆ ಕಹಳೆಯ ಗತ್ತಿಗೆ ದೊಡ್ಡ ಕಟ್ಟಡ ಬೇಕು. ಶೀಟಿನ ಮಾಡಿನ ಸಣ್ಣ ಚರ್ಚಿನಲ್ಲಿ, ಅದೂ ಕೀಬೋರ್ಡಿನ ‘ಟ್ರಂಪೆಟ್’ ಗುಂಡಿ ಒತ್ತಿ ನುಡಿಸಿದರೆ ಸರ್ಕಸ್ಸಿನ ನೆನಪಾಗುತ್ತದೆ. ಪೈಪ್ ಆರ್ಗನ್ ನಮ್ಮಲ್ಲಿ ಬೆರಳೆಣಿಕೆಯ ಚರ್ಚುಗಳಲ್ಲಿ ಮಾತ್ರ ಇರುವುದರಿಂದ ಈ ಎಚ್ಚರ ಅಗತ್ಯ.

ದೇವಾಲಯದಲ್ಲೇ ಹುಟ್ಟಿದ ಸಂಗೀತವೇ ಬೇಕೆಂದರೆ ಬಾಖ್ ಇದ್ದಾನೆ. ಅವನ 147ನೇ ಕ್ಯಾಂಟಾಟಾದ ಕೊರಾಲ್ (ಸ್ತುತಿಗೀತೆ) 1723ರಲ್ಲಿ ಲೈಪ್‌ಜಿಗ್‌ನಲ್ಲಿ, ಮರಿಯಮ್ಮ ಎಲಿಜಬೇತಳನ್ನು ಭೇಟಿಯಾದ ಹಬ್ಬಕ್ಕೆಂದು ಕೇಳಿಬಂತು. ಇಂಗ್ಲಿಷಿನಲ್ಲಿ ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’ ಎಂಬ ಹೆಸರಿನಲ್ಲಿ ಪ್ರಸಿದ್ಧ. ಕಾಣಿಕೆಯ ಹೊತ್ತಿಗೆ ಇದು ಬಹಳ ಚೆನ್ನ.

‘ಆವೆ ಮರಿಯ’ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಎಲ್ಲರೂ ಕೇಳುವುದು ಶೂಬರ್ಟನದನ್ನು. 1825ರಲ್ಲಿ ಅವನು ರಾಗ ಹಾಕಿದ್ದು ಲ್ಯಾಟಿನ್ ಪ್ರಾರ್ಥನೆಗಲ್ಲ, ವಾಲ್ಟರ್ ಸ್ಕಾಟನ ‘ದಿ ಲೇಡಿ ಆಫ್ ದಿ ಲೇಕ್’ ಕಾವ್ಯದ ಜರ್ಮನ್ ಅನುವಾದಕ್ಕೆ. ತಂದೆಯೊಂದಿಗೆ ಗುಹೆಯಲ್ಲಿ ಅಡಗಿರುವ ಎಲೆನ್ ಎಂಬ ಹುಡುಗಿ ಮಾತೆಗೆ ಮೊರೆಯಿಡುವ ಹಾಡು ಅದು. ಲ್ಯಾಟಿನ್ ಪದಗಳನ್ನು ಕೂರಿಸಿದ್ದು ಆಮೇಲೆ. ಇನ್ನೊಂದು, ಬಾಖ್ 1722ರಲ್ಲಿ ಬರೆದ ಪ್ರಿಲ್ಯೂಡಿನ ಮೇಲೆ ಫ್ರಾನ್ಸಿನ ಗೂನೊ 1850ರ ದಶಕದಲ್ಲಿ ಹೆಣೆದದ್ದು. ಮದುಮಗಳು ಮಾತೆಯ ಪ್ರತಿಮೆಯ ಮುಂದೆ ಹೂವಿಟ್ಟು ಪ್ರಾರ್ಥಿಸುವ ರೂಢಿ ಇರುವ ಕ್ಯಾಥೊಲಿಕ್ ಚರ್ಚುಗಳಲ್ಲಿ ಎರಡೂ ನಡೆಯುತ್ತವೆ. ಹುಡುಗನ ಕಡೆಯವರು ಪ್ರಾಟೆಸ್ಟಂಟರ ಸಿಎಸ್‌ಐ ಸಭೆಯವರಾಗಿದ್ದು ಮದುವೆ ಅವರ ಚರ್ಚಿನಲ್ಲಾದರೆ ಇದನ್ನು ಪಟ್ಟಿಯಲ್ಲಿ ಸೇರಿಸುವ ಮೊದಲು ಪಾಸ್ಟರನ್ನು ಕೇಳಿ.

ಇವೆಲ್ಲ ಕೇಳುವ ಸಂಗೀತ. ಹಾಡುವ ಸಂಗೀತದಲ್ಲಿ ಇಂಗ್ಲಿಷ್ ಚರ್ಚುಗಳ ಮದುವೆಯ ಹಾಡೆಂದೇ ಹೆಸರಾದದ್ದು ‘ಓ ಪರ್ಫೆಕ್ಟ್ ಲವ್’. ಅದು ಹುಟ್ಟಿದ ಬಗೆ ಚೆಂದ. 1883ರಲ್ಲಿ ಡೊರೊತಿ ಬ್ಲೂಮ್‌ಫೀಲ್ಡ್ ಎಂಬಾಕೆಯ ತಂಗಿಯೋ ಅಕ್ಕನೋ ಒಬ್ಬಳ ಮದುವೆ ಗೊತ್ತಾಗಿತ್ತು. ಆ ಹುಡುಗಿಗೆ ಇಷ್ಟವಾದ ಒಂದು ಧಾಟಿಯಿತ್ತು, ಅದರ ಪದಗಳು ಮಾತ್ರ ಮದುವೆಗೆ ಒಗ್ಗುತ್ತಿರಲಿಲ್ಲ. ಡೊರೊತಿ ಅದೇ ಧಾಟಿಗೆ ಬೇರೆ ಪದ ಬರೆದುಕೊಟ್ಟಳು. 1889ರಲ್ಲಿ ರಾಜಮನೆತನದ ಇನ್ನೊಂದು ಮದುವೆಗೆ ಜೋಸೆಫ್ ಬಾರ್ನ್‌ಬಿ ಹೊಸ ರಾಗ ಹಾಕಿದ ಮೇಲೆ ಹಾಡು ಲೋಕ ಸುತ್ತಿತು. 23ನೇ ಕೀರ್ತನೆಯ ‘ಕ್ರಿಮಂಡ್’ ಧಾಟಿಯ ಕತೆಯೂ ಹೀಗೆಯೇ. 1872ರಲ್ಲಿ ಅಚ್ಚಾಗಿ ಸ್ಕಾಟ್ಲೆಂಡಿನವರ ಬಾಯಲ್ಲಿದ್ದ ಅದನ್ನು 1947ರ ನವೆಂಬರ್ 20ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಹಾಡಿದರು. ರೇಡಿಯೊ ಅದನ್ನು ಮನೆಮನೆಗೆ ಮುಟ್ಟಿಸಿತು. ಶವಸಂಸ್ಕಾರಕ್ಕೂ ಮದುವೆಗೂ ಒಪ್ಪುವ ಇಂಥ ಹಾಡು ಬೇರೆ ಕಡಿಮೆ. ಹಿರಿಯರಲ್ಲಿ ಕೆಲವರು ಅದೇ ಕಾರಣಕ್ಕೆ ಮದುವೆಯಲ್ಲಿ ಬೇಡ ಎನ್ನುವುದೂ ಉಂಟು.

ಇನ್ನು ಕನ್ನಡದ್ದು. ಹಾಡು ಆರಿಸುವಾಗ ನಮ್ಮ ನಗರದ ಹುಡುಗರು ಕೊನೆಗೆ ನೆನಪಿಸಿಕೊಳ್ಳುವ ಈ ಪಾಲು ಕಡಿಮೆ ಹಳೆಯದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ತಮ್ಮೊಡನೆ ಜರ್ಮನ್ ಕೊರಾಲ್ ಧಾಟಿಗಳನ್ನು ತಂದರು. ಮಿಶನರಿ ಮೋಗ್ಲಿಂಗ್ ಮೊದಲಾದವರು ಅವಕ್ಕೆ ಕನ್ನಡ ಪದ ಹೊಂದಿಸಿದರು. ಅಂದರೆ ಕನ್ನಡದ ಹಲವು ಕ್ರೈಸ್ತ ಗೀತೆಗಳು ಚರ್ಚಿನ ಬಾಳಿಗೆ ಬಂದದ್ದು ವಾಗ್ನರನ ನಾಟಕ ಇಂಗ್ಲೆಂಡಿನ ಚರ್ಚುಗಳನ್ನು ಮುಟ್ಟುವ ಮೊದಲೇ. ತೊಡಕು ಇರಲಿಲ್ಲವೆಂದಲ್ಲ. ಜರ್ಮನ್ ಹಾಡು ಒತ್ತಿನ ಮೇಲೆ ನಡೆಯುತ್ತದೆ, ಕನ್ನಡದ್ದು ಲಘು ಗುರುಗಳ ಮಾತ್ರೆಯ ಮೇಲೆ. ಹ್ರಸ್ವಾಕ್ಷರದ ಮೇಲೆ ಉದ್ದ ಸ್ವರ ಬಿದ್ದರೆ ಪದ ಎಳೆದಾಡುತ್ತದೆ. ದೀರ್ಘಾಕ್ಷರವನ್ನು ಗಿಡ್ಡ ಸ್ವರದಲ್ಲಿ ತುರುಕಿದರೆ ಅರ್ಥವೇ ಕೆಡುತ್ತದೆ. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಹಾಡಿದ ಯಾರಿಗಾದರೂ ಈ ಕಷ್ಟ ನಾಲಿಗೆಯಲ್ಲೇ ಗೊತ್ತು.

ಇದನ್ನು ಸರಿಯಾಗಿ ಗ್ರಹಿಸಿದವರು ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್. 1894ರ ನಿಘಂಟಿನಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಅವರು ಅದಕ್ಕೆ ಎಷ್ಟೋ ಮೊದಲು, 1862ರಲ್ಲೇ, ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕನ್ನಡದ ದೇವರ ಹಾಡು ಕನ್ನಡದ ನಡೆಯಲ್ಲೇ ಇರಬೇಕೆಂಬ ಅವರ ಹಂಬಲ ಆಗಿನ ಮಿಶನ್ನಿನ ಎಲ್ಲರಿಗೂ ಹಿಡಿಸಿರಲಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಇಂಥದ್ದು ಆಗಲೇ ನಡೆದಿತ್ತು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರ್ (1774–1864) ತಮಿಳಿನಲ್ಲಿ ಕರ್ನಾಟಕ ಸಂಗೀತದ ರಾಗಗಳಿಗೆ ಕಟ್ಟಿದ ಕ್ರೈಸ್ತ ಕೀರ್ತನೆಗಳು ಇಂದಿಗೂ ತಮಿಳು ಸಭೆಗಳ ಜೀವಾಳ. ಬೆಂಗಳೂರಿನ ತಮಿಳು ಚರ್ಚಿನಲ್ಲಿ ಒಂದು ಮದುವೆಗೆ ಹೋಗಿ ನೋಡಿ. ಅಜ್ಜಿಯರು ಪುಸ್ತಕ ತೆರೆಯದೆ ಹಾಡುತ್ತಾರೆ. ಅಷ್ಟು ಬಾಯಿಪಾಠವಾಗಿರುವ ಮದುವೆಯ ಹಾಡು ಕನ್ನಡ ಕ್ರೈಸ್ತರಿಗೆ ಇನ್ನೂ ಬೇಕಾಗಿದೆ ಎಂದೇ ನನ್ನ ಅನಿಸಿಕೆ.

ಮಂಗಳೂರಿನ ಕೊಂಕಣಿ ಕ್ಯಾಥೊಲಿಕರದು ಬೇರೆಯೇ ದಾರಿ. ಅವರ ನಿಜವಾದ ಮದುವೆಯ ಹಾಡು ಇಗರ್ಜಿಯಲ್ಲಿಲ್ಲ, ಮನೆಯಲ್ಲಿದೆ. ಮದುವೆಯ ಮುನ್ನಾ ದಿನದ ‘ರೊಸ್’ನಲ್ಲಿ ಹುಡುಗ ಹುಡುಗಿಯರಿಗೆ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚುತ್ತಾರೆ, ಆಗ ಹೆಂಗಸರು ‘ವೊವಿಯೊ’ ಹಾಡುತ್ತಾರೆ. ಶಿಲುಬೆಯ ಗುರುತಿನಿಂದ ಶುರುವಾಗಿ ಅತ್ತೆಮಾವಂದಿರನ್ನು ಚುಡಾಯಿಸುವವರೆಗೆ ಅದರ ಹರವು. ಇದು ಉಳಿದು ಬಂದದ್ದೇ ಒಂದು ಸೋಜಿಗ. ಅವರ ಹಿರಿಯರು ಬಿಟ್ಟುಬಂದ ಗೋವಾದಲ್ಲಿ 1736ರ ಧರ್ಮವಿಚಾರಣೆಯ ಆಜ್ಞೆ ಮದುವೆಯ ದೇಶೀ ಹಾಡು, ದೇಶೀ ವಾದ್ಯ, ಎಷ್ಟೋ ಆಚಾರಗಳನ್ನೆಲ್ಲ ನಿಷೇಧಿಸಿತ್ತು. ಆಜ್ಞೆ ಹೊರಡಿಸಿದವರು ಹೋದರು, ಹಾಡು ಇದೆ. ಚರ್ಚಿನೊಳಗೆ ಕೊಂಕಣಿ ಭಕ್ತಿಗೀತೆ, ಗೇಟಿನ ಹೊರಗೆ ಬ್ರಾಸ್ ಬ್ಯಾಂಡು, ಮನೆಯಲ್ಲಿ ವೊವಿಯೊ. ಯಾವುದಕ್ಕೆ ಎಲ್ಲಿ ಜಾಗ ಎಂಬುದು ಅಲ್ಲಿನ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಚೆಗೆ ವೊವಿಯೊವನ್ನು ಸಭಾಂಗಣದ ವೇದಿಕೆಗೆ ತಂದು, ಹಾಡಲು ಬಾಡಿಗೆಗೆ ತಂಡ ಕರೆಸುವುದು ಹೆಚ್ಚಾಗಿದೆ. ದೊಡ್ಡಮ್ಮ, ಚಿಕ್ಕಮ್ಮಂದಿರು ಮೊಬೈಲು ಹಿಡಿದು ಚಿತ್ರೀಕರಿಸುತ್ತಾ ಕೂತಿರುತ್ತಾರೆ. ಹಾಡಬೇಕಾದವರು ಅವರು.

ನಾಡಿನ ಪರಂಪರೆಗೆ ಸ್ಥಾನ ಕೊಡಿ ಎಂಬ ವ್ಯಾಟಿಕನ್ ಸಭೆಯ ಮಾತನ್ನು ಭಾರತದಲ್ಲಿ ಕಾರ್ಯಕ್ಕೆ ತರುವ ಪ್ರಯೋಗಗಳಿಗೆ ಬೆಂಗಳೂರೇ ಕೇಂದ್ರವಾಯಿತು. 1967ರಲ್ಲಿ ಇಲ್ಲಿ ಶುರುವಾದ, ಕ್ಯಾಥೊಲಿಕರ ಬೈಬಲ್, ಧರ್ಮಬೋಧೆ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವಾದ ಎನ್‌ಬಿಸಿಎಲ್‌ಸಿ ಸಂಸ್ಥೆ ಫಾದರ್ ಅಮಲೋರ್‌ಪವದಾಸರ ನೇತೃತ್ವದಲ್ಲಿ ದೀಪ, ಆರತಿ, ನೆಲದ ಮೇಲೆ ಕೂರುವುದು, ಭಜನೆಯ ಧಾಟಿ ಇವನ್ನೆಲ್ಲ ಆರಾಧನೆಗೆ ತಂದಿತು. 1969ರಲ್ಲಿ ರೋಮ್ ಹನ್ನೆರಡು ಅಂಶಗಳ ಹೊಂದಾಣಿಕೆಗೆ ಒಪ್ಪಿಗೆ ಕೊಟ್ಟಿತು. ವಿರೋಧವೂ ಬೇಕಾದಷ್ಟು ಬಂತು. ಅತ್ತ ಸಿಎಸ್‌ಐ ಸಭೆಯ ವಿವಾಹ ಕ್ರಮದಲ್ಲಿ ಉಂಗುರದಂತೆ ಮಾಂಗಲ್ಯಕ್ಕೂ ಜಾಗವಿದೆ. ತಾಳಿ ಕಟ್ಟುವ ಮದುವೆಗೆ ತಬಲಾ, ಹಾರ್ಮೋನಿಯಂ, ಕೊಳಲಿನ ಜೊತೆ ಒಂದು ಕನ್ನಡ ಕೀರ್ತನೆ ಹಾಡಿದರೆ ಯಾರೂ ಬೇಡ ಎ‌ನ್ನರು. ಬೇಕು ಎಂದು ಕೇಳುವವರು ಕಡಿಮೆ, ಅಷ್ಟೆ.

ಬೆಂಗಳೂರಿನ ಮದುವೆಗಳ ನಿಜವಾದ ಗೋಜಲು ಭಾಷೆಯದು. ಹುಡುಗಿಯ ಮನೆಯಲ್ಲಿ ಕೊಂಕಣಿ, ಹುಡುಗನ ಮನೆಯಲ್ಲಿ ತಮಿಳು, ಚರ್ಚಿನ ಪೂಜೆ ಕನ್ನಡದ್ದು, ಗೆಳೆಯರೆಲ್ಲ ಇಂಗ್ಲಿಷಿನವರು. ಎಲ್ಲರನ್ನೂ ಸಮಾಧಾನಪಡಿಸಲು ಹೋಗಿ ಹೆಚ್ಚಿನವರು ಪೂರ್ತಿ ಇಂಗ್ಲಿಷಿಗೆ ಜಾರುತ್ತಾರೆ, ಆಗ ಅಜ್ಜ ಅಜ್ಜಿಯರ ಬೆಂಚು ಮೂಕವಾಗುತ್ತದೆ. ಪ್ರವೇಶಗೀತೆ ಎಲ್ಲರಿಗೂ ಬರುವ ಭಾಷೆಯಲ್ಲಿ, ಕೀರ್ತನೆ ಹುಡುಗನ ಮನೆಮಾತಿನಲ್ಲಿ, ಪರಮಪ್ರಸಾದದ ಹಾಡು ಹುಡುಗಿಯ ಮನೆಮಾತಿನಲ್ಲಿ ಎಂದು ಹಂಚಿದರೆ ಜಗಳ ಅರ್ಧಕ್ಕರ್ಧ ಕಡಿಮೆ. ಪದಗಳನ್ನು ಆರಾಧನೆಯ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ, ತಮಿಳು ಕೊಂಕಣಿಗಳನ್ನು ಕನ್ನಡ ಲಿಪಿಯಲ್ಲೂ ಕೊಡಿ.

ಸಿನಿಮಾ ಹಾಡಿನ ಕೋರಿಕೆ ಬಂದೇ ಬರುತ್ತದೆ. ‘ಫಾದರ್, ನಾವಿಬ್ರೂ ಮೊದಲು ಭೇಟಿಯಾದಾಗ ಕೇಳಿದ ಹಾಡು, ಅದರಲ್ಲಿ ಕೆಟ್ಟ ಮಾತು ಏನೂ ಇಲ್ಲ.’ ‘ಇಲ್ಲಮ್ಮ, ಚೆನ್ನಾಗೇ ಇದೆ. ಹಾಲ್‌ನಲ್ಲಿ ಇಟ್ಕೊಳ್ಳಿ, ನಾನೂ ಬಂದು ಕೇಳ್ತೀನಿ.’ ಈ ಉತ್ತರದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಚರ್ಚಿನ ಒಂದು ಗಂಟೆಗೆ ಒಂದು ಉದ್ದೇಶವಿದೆ, ಹಾಲಿನ ನಾಲ್ಕು ಗಂಟೆಗೆ ಇನ್ನೊಂದು. ಹಕ್ಕುಸ್ವಾಮ್ಯದ ಭಯ ಮಾತ್ರ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ವಿಧಿಯಲ್ಲಿ ಸಂಗೀತ ನುಡಿಸುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಮಾರಂಭಗಳೂ ಅದರಲ್ಲಿ ಸೇರುತ್ತವೆಂದು ವಿವರಣೆಯೇ ಇದೆ. ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವಾಗ ಯಂತ್ರ ಹಾಡನ್ನು ಗುರುತಿಸಿ ಧ್ವನಿ ಅಡಗಿಸಿದರೆ ಅದು ಬೇರೆ ತಲೆನೋವು. ಅದಕ್ಕೆ ಔಷಧಿ, ರೆಕಾರ್ಡು ಹಾಕದೆ ಬಾಯಲ್ಲೇ ಹಾಡುವುದು.

ದಿನ ಗೊತ್ತುಮಾಡುವಾಗಲೂ ಸಂಗೀತದ ಲೆಕ್ಕ ಇರಲಿ. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಮದುವೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಅನಿವಾರ್ಯವಾಗಿ ಇಟ್ಟರೆ ಕ್ಯಾಥೊಲಿಕ್ ನಿಯಮದಂತೆ ಆ ದಿನಗಳಲ್ಲಿ ಆರ್ಗನ್ ಮುಂತಾದ ವಾದ್ಯಗಳು ಹಾಡಿಗೆ ಒತ್ತಾಸೆಯಾಗಿ ಮಾತ್ರ. ಬರೀ ವಾದ್ಯದ ಕ್ಯಾನನ್ನಿಗೂ ಮಾರ್ಚಿಗೂ ಆಗ ಅವಕಾಶ ಸಿಗದಿರಬಹುದು.

ಆದ್ದರಿಂದ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಫಾದರ್ ಅಥವಾ ಪಾಸ್ಟರನ್ನೂ ಗಾನವೃಂದದವರನ್ನೂ ಕಂಡು ಮಾತಾಡಿ. ನಿಮ್ಮ ಕಡೆಯ ಹಿರಿಯರಿಗೆ ಬಾಯಿಗೆ ಬರುವ ಮೂರು ಹಾಡುಗಳನ್ನು ಮೊದಲು ಬರೆದುಕೊಳ್ಳಿ, ಮಾರ್ಚಿನ ಮಾತು ಆಮೇಲೆ. ಹೂವಿನ ಕಮಾನಿಗೆ, ಡ್ರೋನ್ ಕ್ಯಾಮೆರಾಕ್ಕೆ ಧಾರಾಳವಾಗಿ ಖರ್ಚು ಮಾಡುವವರು ಗಾನವೃಂದದ ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ರಜೆ ಹಾಕಿ ಬಂದಿರುತ್ತಾರೆ. ಮೈಕು ಜೋಡಿಸಲು ಎಲ್ಲರಿಗಿಂತ ಮುಂಚೆ ಬಂದು, ಎಲ್ಲರಿಗಿಂತ ಕೊನೆಗೆ ಹೋಗುತ್ತಾರೆ. ಹಾಲಿನಲ್ಲಿ ಅವರಿಗೂ ಒಂದು ಊಟದ ಟೇಬಲ್ ಹೇಳಿಡಿ.